ಹಳೆಯ ನೆನಪುಗಳು ಕಾಯಿಲೆಯೇ?

ಪ್ರಶ್ನೆ: ನನಗೆ 84 ವರ್ಷ. ನಮ್ಮ ಮನೆ ತೀನ್ ಕಂದೀಲ್ ಹತ್ತಿರವಿದೆ. ಬೆಳಿಗ್ಗೆ ಕೋಟೆಯ ಮಗ್ಗುಲಲ್ಲಿ ಒಬ್ಬಳೇ ನಡೆಯುವಾಗ ಅಪ್ಪ ನಿಜಾಮರ ಕಾಲದ ಹಣವಾದ ಹಾಲಿ ಸಿಕ್ಕಾ ಎಣಿಸಿಡುತ್ತಿದ್ದುದು, ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಉರ್ದು ಕಲಿತದ್ದು, ಬಾಣಂತನದಲ್ಲೇ ತೀರಿಕೊಂಡ ಅಕ್ಕ, ಎಲ್ಲವೂ ನೆನಪಾಗಿ ಒಮ್ಮೊಮ್ಮೆ ಅಳು ಬರುತ್ತದೆ. ಮಗ ಇದನ್ನು ಅರಳುಮರಳು ಎನ್ನುತ್ತಾನೆ, ಹೊರಗೆ ಹೋಗಬೇಡ ಎನ್ನುತ್ತಾನೆ. ಇದು ಕಾಯಿಲೆಯೇ?
— ಹಿರಿಯ ಓದುಗರೊಬ್ಬರು, ರಾಯಚೂರು

ಉತ್ತರ: ಅಮ್ಮಾ, ನೆನಪಾಗುವುದು ಕಾಯಿಲೆಯಲ್ಲ. ಮುಪ್ಪಿನಲ್ಲಿ ಮನಸ್ಸು ತನ್ನ ಬಾಳನ್ನು ಮೊದಲಿನಿಂದ ತಿರುವಿ ನೋಡುವುದು ಸಹಜವೆಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದಾರೆ. ನಿಮಗಂತೂ ತಿರುವಿ ನೋಡಲು ಬೇಕಾದಷ್ಟಿದೆ: ನಿಜಾಮರ ಆಳ್ವಿಕೆಯಲ್ಲಿ ಹುಟ್ಟಿ, 1948ರ ಸೆಪ್ಟೆಂಬರಿನಲ್ಲಿ ಅದು ಕೊನೆಗೊಂಡದ್ದನ್ನು ಎಳೆಯ ಕಣ್ಣುಗಳಿಂದ ಕಂಡು, 1956ರ ನವೆಂಬರ್ 1ರಂದು ಊರು ಬಿಡದೆಯೇ ಮೈಸೂರು ರಾಜ್ಯದವರಾದಿರಿ.

ಆದರೆ ಹಳೆಯದು ನಿಚ್ಚಳವಾಗಿದೆ ಎಂಬುದೊಂದೇ ನೆಮ್ಮದಿಗೆ ಸಾಲದು. ಮರೆವಿನ ಕಾಯಿಲೆಯಲ್ಲಿಯೂ ಹಳೆಯ ನೆನಪುಗಳು ಬಹುಕಾಲ ಉಳಿಯುತ್ತವೆ. ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ಮರೆತರೆ, ಪರಿಚಿತ ಓಣಿಯಲ್ಲಿ ದಾರಿ ತಪ್ಪಿದರೆ, ಅಥವಾ ಅಳು ದಿನವಿಡೀ ಉಳಿದು ಊಟ, ನಿದ್ದೆ ಕೆಟ್ಟರೆ ತಡಮಾಡದೆ ವೈದ್ಯರನ್ನು ಕಾಣಿರಿ.

ಅಕ್ಕನ ವಿಷಯದಲ್ಲಿ ನನಗೆ ತೋರುವುದು ಇಷ್ಟು: ಆ ದುಃಖವನ್ನು ನೀವು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಕೊಂಡಂತಿಲ್ಲ, ಈಗ ಅದಕ್ಕೆ ಕೇಳುವ ಕಿವಿ ಬೇಕಾಗಿದೆ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಜೊತೆಗೆ ಕರೆದೊಯ್ಯಿರಿ. ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಕಲ್ಲಿದೆಯಲ್ಲ, ಅಂಥ ಕಲ್ಲನ್ನು ಬಂಡಿಗೆ ಹೇರಿ ಕೋಣಗಳ ಉದ್ದನೆಯ ಸಾಲು ಎಳೆದು ತರುವ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಕೋಣಗಳನ್ನು ಎಣಿಸಲು ಮಕ್ಕಳಿಗೆ ಹೇಳಿ, ನಿಮ್ಮ ಅಕ್ಕನೊಂದಿಗೆ ಅಲ್ಲಿ ಆಡಿದ್ದರೆ ಅದನ್ನೂ ಹೇಳಿ. ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋದಂತೆ ಮಾತು ತಾನಾಗಿಯೇ ಹೊರಬರುತ್ತದೆ.

ನಿಮ್ಮ ಮಗನಿಗೂ ಒಂದು ಮಾತು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದರಿಂದ ನಿಮ್ಮ ಆತಂಕ ಸುಳ್ಳಲ್ಲ. ಬಿಸಿಲೇರುವ ಮೊದಲೇ ಹೊರಡಿಸಿ, ನೀರಿನ ಬಾಟಲಿ, ಕೈಕೋಲು, ನಿಮ್ಮ ಮೊಬೈಲ್ ಸಂಖ್ಯೆ ಬರೆದ ಚೀಟಿ ಕೊಟ್ಟು ಕಳುಹಿಸಿ. ಬಾಗಿಲು ಹಾಕಿ ಕೂರಿಸಬೇಡಿ. ಬಿಡುವಿದ್ದ ದಿನ ನೀವೇ ಜೊತೆಗೆ ನಡೆಯಿರಿ.