ಕಾಮೆಂಟರಿ ಕುರ್ಚಿಯಿಂದ ಎದ್ದು ಬಂದವನು

ಪ್ರಶ್ನೆ: ಅಡಿಕೆ ಸುಲಿಯುತ್ತಾ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದವನು ನಾನು. ಅಮೆರಿಕದಲ್ಲಿರುವ ಅಣ್ಣನ ಮಗ ಊರಿಗೆ ಬಂದಾಗ ಬೇಸ್‌ಬಾಲ್‌ನ ಜೋ ಟೋರಿ ಕಥೆ ಹೇಳಿದ. ಆಡಿದನಂತೆ, ತಂಡ ನಡೆಸಿದನಂತೆ, ಕಾಮೆಂಟರಿಗೆ ಹೋದನಂತೆ, ಮತ್ತೆ ತಂಡಕ್ಕೆ ಬಂದನಂತೆ. ಕಾಮೆಂಟರಿ ಅಂದ್ರೆ ರಿಟೈರ್ ಆದಮೇಲಿನ ಕೆಲಸ ಅಲ್ವಾ? ಅಲ್ಲಿಂದ ವಾಪಸ್ ಬಂದು ಗೆದ್ದಿದ್ದು ಹೇಗೆ?
– ಓದುಗರು, ಶಿರಸಿ

ಉತ್ತರ: ವಾಪಸ್ ಬಂದಿದ್ದು ನಿಜ ಮಾರಾಯರೇ. ನಮ್ಮ ರವಿಶಾಸ್ತ್ರಿಯೂ ಮೈಕ್ ಬಿಟ್ಟು 2017ರಲ್ಲಿ ಭಾರತ ತಂಡದ ಕೋಚ್ ಆದರು, 2021ರಲ್ಲಿ ಅದು ಮುಗಿದ ಮೇಲೆ ಮತ್ತೆ ಮೈಕ್ ಹಿಡಿದರು.

ಬೇಸ್‌ಬಾಲ್‌ನಲ್ಲಿ ತಂಡ ನಡೆಸುವವನನ್ನು ಮ್ಯಾನೇಜರ್ ಅಂತಾರೆ, ಮೊದಲು ಅದು ಏನು ಅಂತ ನೋಡಿ. ಹೆಸರು ಕೇಳಿದರೆ ಬ್ಯಾಂಕಿನ ನೆನಪಾಗುತ್ತದೆ, ಆದರೆ ಕೆಲಸ ನಮ್ಮ ಯಕ್ಷಗಾನದ ಭಾಗವತರದ್ದು. ತಾನು ಕುಣಿಯುವುದಿಲ್ಲ, ಆದರೆ ಯಾವ ವೇಷ ಎಷ್ಟು ಹೊತ್ತು ಕುಣಿಯಬೇಕು, ಪದ್ಯ ಎಲ್ಲಿ ನಿಲ್ಲಬೇಕು ಎಲ್ಲ ಅವರ ಕೈಯಲ್ಲಿ. ಚೆಂಡು ಎಸೆಯುವವನನ್ನು ಯಾವಾಗ ಬದಲಿಸಬೇಕು ಅಂತ ತೀರ್ಮಾನಿಸುವವನು ಮ್ಯಾನೇಜರ್. ವಯಸ್ಸು ಅರವತ್ತಾಗಿದ್ದರೂ ಆಟಗಾರರ ಅಂಗಿಯನ್ನೇ ಹಾಕಿಕೊಂಡು ಮೈದಾನದ ಬದಿಯಲ್ಲೇ ಇರುತ್ತಾನೆ.

ಟೋರಿ ಆಡಿದ್ದು 1960ರಿಂದ 1977ರವರೆಗೆ. 1971ರಲ್ಲಿ, ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರ. ಆದರೆ ನನಗೆ ಇಷ್ಟವಾಗೋದು 1975ರ ಒಂದು ಕೆಟ್ಟ ದಿನ. ಅವನದೇ ತಂಡದ ಫೆಲಿಕ್ಸ್ ಮಿಲಾನ್ ನಾಲ್ಕು ಸಲ ಹೊಡೆದು ಬೇಸ್ (ಓಡಿ ಹೋಗಿ ನಿಲ್ಲುವ ಗುರುತಿನ ಜಾಗ) ತಲುಪಿದ. ಅವನ ಹಿಂದೆಯೇ ಬಂದ ಟೋರಿ ನಾಲ್ಕೂ ಸಲ ನೆಲಕ್ಕೆ ಹೊಡೆದು, ಒಂದೇ ಹೊಡೆತಕ್ಕೆ ಮಿಲಾನ್‌ನನ್ನೂ ಔಟ್ ಮಾಡಿಸಿ ತಾನೂ ಔಟಾದ. ಆಮೇಲೆ, ಮಿಲಾನ್ ಬೇಸ್‌ನಲ್ಲಿ ಇದ್ದದ್ದಕ್ಕೇ ಇದೆಲ್ಲ ಸಾಧ್ಯವಾಯಿತು, ಅವನಿಗೊಂದು ಥ್ಯಾಂಕ್ಸ್ ಅಂತ ತಮಾಷೆ ಮಾಡಿದ!

1977ರಲ್ಲಿ ಮೆಟ್ಸ್ ತಂಡದ ಮ್ಯಾನೇಜರ್ ಆದ. ಐದು ವರ್ಷ ಬರೀ ಸೋಲು. ಅಟ್ಲಾಂಟಾ ಬ್ರೇವ್ಸ್‌ನಲ್ಲಿ ಸ್ವಲ್ಪ ಪರವಾಗಿಲ್ಲ, 1984ರಲ್ಲಿ ಅಲ್ಲಿಂದಲೂ ಕಳಿಸಿದರು. ಆಗ ಕ್ಯಾಲಿಫೋರ್ನಿಯಾ ಏಂಜಲ್ಸ್‌ನ ಕಾಮೆಂಟರಿಗೆ ಕೂತ. 1990ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕರೆಯುವವರೆಗೂ ಅದೇ ಕೆಲಸ.

ಮೇಲಿಂದ ಇಡೀ ಮೈದಾನ ನೋಡಿ ನೋಡಿ ಬುದ್ಧಿ ಬಂತು, ಅದಕ್ಕೇ ಗೆದ್ದ ಅಂತ ಬರೆದುಬಿಡಬಹುದು. ನಾನು ಒಪ್ಪೋದಿಲ್ಲ. ಕಾಮೆಂಟರಿ ಮುಗಿಸಿ ಹೋದ ಕಾರ್ಡಿನಲ್ಸ್‌ನಲ್ಲೂ ದೊಡ್ಡದೇನೂ ಗೆಲ್ಲಲಿಲ್ಲ, 1995ರಲ್ಲಿ ಮತ್ತೆ ಮನೆಗೆ. ಅದೇ ವರ್ಷ ನ್ಯೂಯಾರ್ಕ್ ಯಾಂಕೀಸ್ ಕರೆದಾಗ ಅಲ್ಲಿನ ಪತ್ರಿಕೆಯೊಂದು 'ಏನೂ ಗೊತ್ತಿಲ್ಲದ ಜೋ' ಅನ್ನೋ ಅರ್ಥದ ತಲೆಬರಹ ಕೊಟ್ಟು ಗೇಲಿ ಮಾಡಿತು. ಮಾಲೀಕ ಜಾರ್ಜ್ ಸ್ಟೈನ್‌ಬ್ರೆನ್ನರ್ ಬೇರೆ, ಮ್ಯಾನೇಜರುಗಳನ್ನು ಬದಲಾಯಿಸುವುದರಲ್ಲಿ ಹೆಸರುವಾಸಿ.

ಆದರೆ 1996ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಸರಣಿ, ಗೆದ್ದ. ಯಾಂಕೀಸ್ ಅದನ್ನು ಗೆದ್ದು 18 ವರ್ಷ ಆಗಿತ್ತು. 1998, 1999, 2000ರಲ್ಲಿ ಮತ್ತೆ ಮೂರು ಸಲ. ಡೆರೆಕ್ ಜೀಟರ್, ಮರಿಯಾನೊ ರಿವೇರಾ ಅಂಥವರು ತಂಡದಲ್ಲಿದ್ದರು, ಅದು ಅರ್ಧ ಉತ್ತರ. ವೇಷಧಾರಿಗಳೇ ಇಲ್ಲದಿದ್ದರೆ ಭಾಗವತರು ಏನು ಮಾಡಬೇಕು ಹೇಳಿ? ಉಳಿದರ್ಧ, ನಾಲ್ಕು ಸಲ ಹಾಗೆ ಔಟಾಗಿಯೂ ನಕ್ಕವನ ಸ್ವಭಾವ. ಆ ಊರಿನ ಪತ್ರಿಕೆಗಳನ್ನೂ ಆ ಮಾಲೀಕನನ್ನೂ 12 ವರ್ಷ ತಾಳಿಕೊಂಡ. ಕಾಮೆಂಟರಿ ಮಾಡಿದ್ದು ಇಷ್ಟೇ: ಕೆಲಸ ಹೋದವನನ್ನು ಆಟದ ಜನರ ಕಣ್ಣಿಂದ ಮರೆಯಾಗದ ಹಾಗೆ ಇಟ್ಟಿತು.

ನಿಮ್ಮ ಅಣ್ಣನ ಮಗ ಯಾಂಕೀ ಸ್ಟೇಡಿಯಂಗೆ ಹೋದರೆ ಟೋರಿಯ 6ನೇ ನಂಬರ್ ಎಲ್ಲಿದೆ ನೋಡಲಿಕ್ಕೆ ಹೇಳಿ. 2014ರಿಂದ ಆ ನಂಬರಿನ ಅಂಗಿಯನ್ನು ಅಲ್ಲಿ ಬೇರೆ ಯಾರಿಗೂ ಕೊಡುವುದಿಲ್ಲ.