ಮದ್ದೂರಿನ ರಾಗಿಗೂ ಆಫ್ರಿಕಕ್ಕೂ ಏನು ನಂಟು?

ಪ್ರಶ್ನೆ: ಜಗತ್ತಿನ ಆಹಾರ ವ್ಯವಸ್ಥೆ ಸುಧಾರಿಸಲು ವೈಜ್ಞಾನಿಕ ಸಂಶೋಧನೆ ಬೇಕೆಂಬ ಮಾತನ್ನು ಕೇಳುತ್ತಲೇ ಇದ್ದೇವೆ. ನಾವು ಬೆಳೆಯುವುದು ರಾಗಿ, ಉಣ್ಣುವುದು ಮುದ್ದೆ. ಎಲ್ಲೋ ನಡೆಯುವ ಸಂಶೋಧನೆಯಿಂದ ಮಳೆ ನಂಬಿದ ನಮ್ಮಂಥ ರೈತರಿಗೆ ಆಗುವುದೇನು?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ನೀವು ಬಿತ್ತುವ ರಾಗಿಯಿಂದಲೇ ಆರಂಭಿಸೋಣ. ಅದರ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮದೇ ಆಯಿತು. ನಿಮ್ಮ ಮಂಡ್ಯ ಜಿಲ್ಲೆಯದೇ ಆದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ದುಡಿದ, ಜನ ಪ್ರೀತಿಯಿಂದ 'ರಾಗಿ ಲಕ್ಷ್ಮಣಯ್ಯ' ಎಂದು ಕರೆದ ಸಿ.ಎಚ್. ಲಕ್ಷ್ಮಣಯ್ಯನವರು, ಆಫ್ರಿಕದ ದಪ್ಪ ತೆನೆಯ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಿಸಿ, ಆ ಹಳೆಯ ನಂಟನ್ನು ಮತ್ತೆ ಬೆಸೆದರು. ಹಾಗೆ ಹುಟ್ಟಿದ ತಳಿಗಳೇ 'ಇಂಡಾಫ್'. ಇಂಡಿಯಾ, ಆಫ್ರಿಕ ಎರಡೂ ಆ ಹೆಸರಿನಲ್ಲಿವೆ.

ಹೂ ಬಿಟ್ಟ ರಾಗಿ ತೆನೆಯನ್ನು ಒಮ್ಮೆ ಕಣ್ಣ ಹತ್ತಿರ ಹಿಡಿದು ನೋಡಿ. ಹೂವು ಗುರುತಿಸಲೂ ಕಷ್ಟವಾಗುವಷ್ಟು ಚಿಕ್ಕದು, ಮೇಲಾಗಿ ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಕೊಳ್ಳುವಂಥದ್ದು. ಅದಕ್ಕೆ ಬೇರೆ ತಳಿಯ ಪರಾಗ ತಾಗಿಸಿ, ಹುಟ್ಟಿದ ಸಸಿಗಳಲ್ಲಿ ನಿಜಕ್ಕೂ ಸಂಕರವಾದ ಕೆಲವನ್ನು ಗುರುತಿಸಿ, ಬೆಳೆಯಿಂದ ಬೆಳೆಗೆ ಆರಿಸುತ್ತ ಹೋಗಲು ವರ್ಷಗಟ್ಟಲೆ ತಾಳ್ಮೆ ಬೇಕು. ತನ್ನ ಪರಾಗದಿಂದಲೇ ಕಾಳು ಕಟ್ಟುವ ಆ ಗುಣದಿಂದ ನಿಮಗೊಂದು ಅನುಕೂಲವೂ ಇದೆ: ಇಂಥ ತಳಿ ಒಮ್ಮೆ ಸ್ಥಿರವಾದ ಮೇಲೆ ನಿಮ್ಮ ಕಣದ ಕಾಳನ್ನೇ ಮುಂದಿನ ಬಿತ್ತನೆಗೆ ಎತ್ತಿಡಬಹುದು.

ಬೆಂಕಿ ರೋಗ ಬಿದ್ದ ಹೊಲವನ್ನು ನೀವು ಕಂಡಿರುತ್ತೀರಿ; ತೆನೆಯ ಕುತ್ತಿಗೆ ಕಪ್ಪಾಗಿ, ಕಾಳು ಜೊಳ್ಳಾಗುತ್ತದೆ. ಅದನ್ನು ತಡೆಯುವ ಗುಣಕ್ಕೆ ಹೆಸರಾದ ಜಿಪಿಯು-28 ತಳಿಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ್ದು ಇಂಡಾಫ್-5, ಇಂಡಾಫ್-9ರ ಜೊತೆಗೆ ಆಫ್ರಿಕದ ಇನ್ನೊಂದು ರಾಗಿಯನ್ನು ಸೇರಿಸಿ. ಬೀಜಗಳು ದೇಶದಿಂದ ದೇಶಕ್ಕೆ ಹೋಗಿಬರದೆ ಇದ್ದಿದ್ದರೆ ಇದಾವುದೂ ಸಾಧ್ಯವಿರಲಿಲ್ಲ. ಆದ್ದರಿಂದ ಇಂಥ ತಳಿಗಳ ಬೀಜವನ್ನು ಕಾಪಿಡುವ ಸಂಗ್ರಹಗಳಿಗೆ ಮಾಡುವ ಖರ್ಚನ್ನು ಕಡಿಮೆ ಮಾಡಬಾರದೆಂದು ನಾನು ಬಲವಾಗಿ ನಂಬುತ್ತೇನೆ.

ಕೊಯ್ಲಿನ ನಂತರದ ಸಂಶೋಧನೆಯೂ ಇದೆ. ರಾಗಿಯ ಸಿಪ್ಪೆ ಬಿಡಿಸಹೋದರೆ ಒಳಗಿನ ತಿರುಳು ಪುಡಿಯಾಗುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಕಾಳನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಗಟ್ಟಿ ಮಾಡಿದ ಬಳಿಕ ಸಿಪ್ಪೆ ತೆಗೆದು, ಅಕ್ಕಿಯಂತೆ ಬೇಯಿಸಿ ಉಣ್ಣುವ ರಾಗಿಯನ್ನು ರೂಪಿಸಿದೆ.

ಮುಂದಿನ ಮುಂಗಾರಿಗೆ ಮೊದಲೇ ವಿ.ಸಿ. ಫಾರಂಗೆ ಹೋಗಿ, ನಿಮ್ಮ ಮಣ್ಣು, ಬಿತ್ತುವ ಕಾಲ ಎರಡನ್ನೂ ತಿಳಿಸಿ ತಳಿ ಕೇಳಿ. ಬೆಳೆಯ ನಡುವೆ ರೋಗ ಕಂಡರೆ ಕುತ್ತಿಗೆ ಕಪ್ಪಾದ ತೆನೆಯೊಂದನ್ನು ಕಿತ್ತುಕೊಂಡು ಹೋಗಿ ಅವರಿಗೆ ತೋರಿಸಿ.