ಓದುಗರ ಪ್ರಶ್ನೆ: ದ್ರಾಕ್ಷಿತೋಟಗಳ ನಡುವೆ ಸದ್ದಿಲ್ಲದ ಸೈಕಲ್ ದಾರಿ

ಪ್ರಶ್ನೆ: ನಾನೂ ನನ್ನ ಪತ್ನಿಯೂ ನಿವೃತ್ತ ಅಧ್ಯಾಪಕರು. ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆಯ ಕಡೆಗೆ ಸೈಕಲ್ ತುಳಿಯುವ ರೂಢಿಯಿದೆ. ಮಗಳು ಫ್ರಾನ್ಸಿನ ಲಿಯಾನ್‌ನಲ್ಲಿದ್ದಾಳೆ. ಅಲ್ಲಿಗೆ ಹೋದಾಗ ದ್ರಾಕ್ಷಿತೋಟಗಳ ಹಳ್ಳಿಗಾಡಿನಲ್ಲಿ ನಾಲ್ಕೈದು ದಿನ ಸುತ್ತಬೇಕೆಂಬ ಆಸೆ. ವಾಹನಗಳ ಕಾಟವಿಲ್ಲದ ದಾರಿ ಯಾವುದು? ‘ವೈನ್ ರೂಟ್’ ಎಂಬ ಫಲಕಗಳನ್ನು ಹಿಡಿದು ಹೋದರೆ ಸಾಕೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಲದು, ಎಷ್ಟೋ ಕಡೆ ಆ ಫಲಕಗಳನ್ನು ನಂಬಿದರೆ ನೀವು ತಪ್ಪಿಸಿಕೊಳ್ಳಬೇಕೆಂದಿರುವ ವಾಹನಗಳ ನಡುವೆಯೇ ಹೋಗಿ ಸಿಕ್ಕಿಕೊಳ್ಳುತ್ತೀರಿ. ಅವು ಕಾರಿನಲ್ಲಿ ಬಂದು, ನೆಲಮಾಳಿಗೆಗಳಲ್ಲಿ ವೈನ್ ರುಚಿ ನೋಡಿ ಹೋಗುವವರಿಗಾಗಿ ನೆಟ್ಟವು. ಅಲ್ಸಾಸ್ ಪ್ರಾಂತ್ಯದಲ್ಲಿ 1953ರಲ್ಲಿ ಉದ್ಘಾಟನೆಯಾದ, ಸುಮಾರು 170 ಕಿ.ಮೀ. ಉದ್ದದ ಪ್ರಸಿದ್ಧ ವೈನ್ ರಸ್ತೆ ಇಂಥದ್ದೇ. ಸೈಕಲ್ಲಿನವರಿಗಾಗಿ ಅಲ್ಲಿ ತೋಟಗಳ ನಡುವೆ ಬೇರೆಯದೇ ದಾರಿಯನ್ನು ಗುರುತಿಸಿದ್ದಾರೆ. ನನ್ನ ಅನುಭವದ ಮಾತು ಹೇಳುವುದಾದರೆ, ಪ್ರವಾಸಿಗರಿಗೆ ತೋರಿಸುವ ರಸ್ತೆಯನ್ನು ಬಿಟ್ಟು ತೋಟದ ಆಳುಗಳು ಟ್ರ್ಯಾಕ್ಟರ್ ಓಡಿಸುವ ದಾರಿಯನ್ನು ಹುಡುಕಬೇಕು. ಅದು ಸಾಮಾನ್ಯವಾಗಿ ಮುಖ್ಯರಸ್ತೆಗಿಂತ ಒಂದು ಮೆಟ್ಟಿಲು ಮೇಲೆ, ಗುಡ್ಡದ ಓರೆಯಲ್ಲಿ ಇರುತ್ತದೆ.

ಲಿಯಾನ್‌ನಲ್ಲಿ ಇಳಿದುಕೊಳ್ಳುವ ನಿಮಗೆ ಬರ್ಗಂಡಿಗಿಂತ ಅನುಕೂಲದ ಸೀಮೆ ಇನ್ನೊಂದಿಲ್ಲ. ಬೋನ್ ಪಟ್ಟಣದ ಬೂಜೇಜ಼್ ಉದ್ಯಾನದ ಬಳಿಯಿಂದ ಹೊರಡುವ ‘ವ್ವಾ ದೆ ವೀನ್ಯ್’ ಎಂಬ ಸೈಕಲ್ ದಾರಿ ಪೊಮಾರ್, ವೊಲ್ನೇ, ಮರ್ಸೋ, ಪ್ಯೂಲಿನಿ-ಮೊಂತ್ರಾಶೆ ಹಳ್ಳಿಗಳನ್ನು ದಾಟಿ ಸಾಂತನೇವರೆಗೆ ಸುಮಾರು 22 ಕಿ.ಮೀ. ಸಾಗುತ್ತದೆ. ಇದರ ಕೆಳಗೆ ತುಸು ದೂರದಲ್ಲೇ ಡಿ 974 ಎಂಬ ಗದ್ದಲದ ರಸ್ತೆಯಿದೆ. ಮೇಲಿನ ದಾರಿಯಲ್ಲಾದರೋ ಮೊಣಕಾಲೆತ್ತರದ ಕಲ್ಲುಗೋಡೆಗಳು, ಒಂದೊಂದು ಮೀಟರಿಗೆ ನೆಟ್ಟ ಗಿಡ್ಡ ಬಳ್ಳಿಗಳು, ಅಲ್ಲೊಂದು ಇಲ್ಲೊಂದು ತೋಟದ ಟ್ರ್ಯಾಕ್ಟರ್. ಆ ಟ್ರ್ಯಾಕ್ಟರನ್ನು ನಿಂತು ನೋಡಬೇಕು. ಸಾಲುಗಳ ನಡುವೆ ಮಾಮೂಲಿ ಟ್ರ್ಯಾಕ್ಟರ್ ತೂರುವಷ್ಟು ಜಾಗವಿಲ್ಲದ ಕಾರಣ, ಎತ್ತರದ ಕಾಲುಗಳನ್ನು ಸಾಲಿನ ಎರಡು ಬದಿಗೆ ಇಟ್ಟು ಬಳ್ಳಿಯ ನೆತ್ತಿಯ ಮೇಲೆಯೇ ಅದು ಸಾಗುತ್ತದೆ. ಅದು ಎದುರಾದಾಗ ಸೈಕಲ್ ಇಳಿದು ದಾರಿ ಬಿಡುವುದು ಮರ್ಯಾದೆ. ಗೋಡೆ ಹಾಕಿ ಬೇರೆ ಮಾಡಿದ ಈ ಸಣ್ಣ ತಾಕುಗಳನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ಕೊರತೆಯನ್ನು ಮೊದಲೇ ಹೇಳಬೇಕು: ಈ ದಾರಿಯಲ್ಲಿ ನೆರಳಿಲ್ಲ. ಮಂಡಗದ್ದೆಯ ಮರಗಳಡಿಯಲ್ಲಿ ತುಳಿದು ರೂಢಿಯಾದವರಿಗೆ ಜುಲೈ ಮಧ್ಯಾಹ್ನದ ಬಿಳಿ ಕಾಂಕ್ರೀಟು ಕಣ್ಣು ಕುಕ್ಕುತ್ತದೆ. ಆದ್ದರಿಂದ ಬೆಳಗಿನ ಹೊತ್ತಿನಲ್ಲಿ ಸಾಂತನೇ ತಲುಪಿ, ಅಲ್ಲಿಂದ ಕಾಲುವೆಯ ಬದಿಯ ದಾರಿ ಹಿಡಿದು ಶಾಲೋನ್ ಸೇರಿಕೊಳ್ಳಿ. ಮರುದಿನಕ್ಕೆ ಜಿವ್ರಿಯಿಂದ ಕ್ಲೂನಿಯವರೆಗಿನ 44 ಕಿ.ಮೀ. ಹಸಿರು ದಾರಿ ಕಾದಿರುತ್ತದೆ. ಹಳಿ ಕಿತ್ತ ರೈಲುಮಾರ್ಗದ ಮೇಲೆ 1997ರಲ್ಲಿ ತೆರೆದ ಇದೇ ಫ್ರಾನ್ಸಿನ ಮೊದಲ ‘ವ್ವಾ ವೆರ್ತ್’. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, ಏರು ಹೆಚ್ಚಿಲ್ಲ, ಮರಗಳ ನೆರಳೂ ಉಂಟು. ಬದಿಯಲ್ಲಿ ಹಳೆಯ ನಿಲ್ದಾಣದ ಕಟ್ಟಡಗಳು ಇನ್ನೂ ನಿಂತಿವೆ. ಕ್ಲೂನಿಯಲ್ಲಿ 910ರಲ್ಲಿ ಸ್ಥಾಪನೆಯಾದ ಮಠದ ಅವಶೇಷಗಳಿಗೆ ಅರ್ಧ ದಿನ ಮೀಸಲಿಡಿ. ಕ್ಲೂನಿಯಿಂದ ಮಾಕೋನ್ ಕಡೆಗೆ ಹೋಗುವಾಗ ಬ್ವಾ ಕ್ಲೇರ್ ಎಂಬ 1.6 ಕಿ.ಮೀ. ಉದ್ದದ ಹಳೆಯ ರೈಲು ಸುರಂಗದೊಳಗೇ ಸೈಕಲ್ ದಾರಿಯಿದೆ. ಬಾವಲಿಗಳು ಚಳಿಗಾಲದ ನಿದ್ದೆಗೆ ಅಲ್ಲಿ ಸೇರುವುದರಿಂದ ಚಳಿಗಾಲದಲ್ಲಿ ಸುರಂಗವನ್ನು ಮುಚ್ಚುತ್ತಾರೆ. ಆಗ ಗುಡ್ಡ ಹತ್ತಿಯೇ ದಾಟಬೇಕು. ಮಾಕೋನ್‌ನಿಂದ ಲಿಯಾನ್‌ಗೆ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ.

ಗುರುತಿಲ್ಲದ ರಸ್ತೆಗಳನ್ನೂ ಬಳಸುವ ಧೈರ್ಯವಿದ್ದರೆ ಮಿಶೆಲಿನ್ ನಕ್ಷೆಯೊಂದನ್ನು ಕೊಳ್ಳಿ. ಕೆಂಪು ಗೆರೆ ಬೇಡವೇ ಬೇಡ, ಹಳದಿ ಅನಿವಾರ್ಯವಾದಾಗ ಮಾತ್ರ, ಬಿಳಿ ಗೆರೆಗಳ ಮೇಲೆ ನಿಶ್ಚಿಂತೆಯಾಗಿ ಹೋಗಿ.

ಪ್ರಶ್ನೆ: ನಗರದಿಂದಲೇ ಹೊರಡುವ ಇಂಥ ದಾರಿ ಬೋರ್ಡೋ ಕಡೆ ಇದೆಯೇ? ಏರುಗಳು ನಮ್ಮ ಘಟ್ಟದಷ್ಟು ಕಷ್ಟವೇ?
— ಓದುಗರೊಬ್ಬರು, ಹೊಸನಗರ

ಉತ್ತರ: ಇದೆ. 1937ರ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಗೆದ್ದ ರೊಜೆ ಲಪೆಬಿಯ ಹೆಸರಿನ ದಾರಿ ಹಳೆಯ ರೈಲುಮಾರ್ಗದ ಮೇಲೆ ಕ್ರೆಯೋನ್ ಮೂಲಕ ಸೋವ್‌ತೇರ್ ದ ಗ್ವಿಯೆನ್‌ವರೆಗೆ ಹೋಗುತ್ತದೆ. ಹೊಸನಗರದಿಂದ ತೀರ್ಥಹಳ್ಳಿಗೆ ಹತ್ತಿಳಿದು ಬರಬಲ್ಲವರಿಗೆ ಇದೂ ಬರ್ಗಂಡಿಯೂ ಸಲೀಸು. ಬರ್ಗಂಡಿಯ ತೋಟಗಳಲ್ಲಿ ಸಿಗುವ ಏರುಗಳು ಕಡಿದಾದರೂ ಗಿಡ್ಡವು. ಲಿಯಾನ್‌ಗೆ ಹತ್ತಿರವೆಂದು ಬೋಜೊಲೇ ಗುಡ್ಡಗಳಿಗೆ ನುಗ್ಗುವವರು ಮಾತ್ರ ಒಂದೆರಡೇ ಗೇರುಗಳಿರುವ ಸೈಕಲ್ಲನ್ನು ನೆಚ್ಚಬಾರದು.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಯಾವ ತಿಂಗಳು ಒಳ್ಳೆಯದು? ದ್ರಾಕ್ಷಿಗೆ ಔಷಧಿ ಹೊಡೆಯುವ ಕಾಲದಲ್ಲಿ ತೋಟದ ನಡುವೆ ಸೈಕಲ್ ತುಳಿಯುವುದು ಸರಿಯೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೆಳೆಗಾರರಿಗೇ ಹೊಳೆಯುವ ಪ್ರಶ್ನೆ ಇದು, ಪ್ರವಾಸದ ಕೈಪಿಡಿಗಳು ಈ ವಿಷಯವನ್ನು ಎತ್ತುವುದು ಅಪರೂಪ. ಮೇ ತಿಂಗಳಿಂದ ಜುಲೈವರೆಗೆ ಸಿಂಪಡಣೆ ಜೋರು. ಸಿಂಪಡಿಸುವ ಟ್ರ್ಯಾಕ್ಟರ್ ಕಂಡರೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೆಂದು ನೋಡಿ, ಆ ಬದಿಯಲ್ಲಿ ನಿಂತು, ಅದು ಸಾಲು ಮುಗಿಸಿದ ಮೇಲೆ ಮುಂದುವರಿಯಬೇಕು. ಬಳ್ಳಿಯಿಂದ ಹಣ್ಣು ಕಿತ್ತು ಬಾಯಿಗೆ ಹಾಕುವುದಂತೂ ಎಂದೂ ಸಲ್ಲದು. ಎಲೆಗಳ ಮೇಲೆ ನೀಲಿಹಸಿರು ಬಣ್ಣದ ಕಲೆ ಕಂಡರೆ ಅದೇನೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ: ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ನಿಮ್ಮ ತೋಟದ ಅಡಿಕೆ ಗೊನೆಗಳಿಗೆ ಹೊಡೆಸುವ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವೇ ಅದು. ಮೆಡಾಕ್ ಸೀಮೆಯ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಸಾಲುಗಳಿಗೆ ಮಾತ್ರ ಇದನ್ನು ಬಳಿಯುತ್ತಿದ್ದರು. ಆ ಸಾಲುಗಳಿಗೆ ಬೂಜುರೋಗ ತಗಲದಿದ್ದುದನ್ನು ಬೋರ್ಡೋದ ಸಸ್ಯಶಾಸ್ತ್ರಜ್ಞ ಮಿಯಾರ್ಡೆ ಗಮನಿಸಿ, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದರು. ಮಲೆನಾಡಿನ ತೋಟಗಳನ್ನು ಉಳಿಸಿದ ಮದ್ದು ಹುಟ್ಟಿದ್ದು ಹೀಗೆ, ರಸ್ತೆಯ ಅಂಚಿನಲ್ಲಿ.

ತಿಂಗಳಿನ ವಿಷಯಕ್ಕೆ ಬಂದರೆ, ಜೂನ್ ಮೊದಲ ಭಾಗ ಹಿತವಾಗಿರುತ್ತದೆ. ಮೇ ತಿಂಗಳಲ್ಲಿ ಸರ್ಕಾರಿ ರಜೆಗಳು ಸಾಲುಸಾಲಾಗಿ ಬರುವುದರಿಂದ ವಾರಾಂತ್ಯದಲ್ಲಿ ಕಾರುಗಳು ಹೆಚ್ಚು. ಕೊಯ್ಲು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಬಿಸಿಲು ಜೋರಾದ ವರ್ಷಗಳಲ್ಲಿ ಆಗಸ್ಟ್ ಕೊನೆಗೇ ನಡೆಯುತ್ತದೆ. ನೋಡಲು ಸೊಗಸಾದರೂ ಆಗ ತೋಟದ ದಾರಿಗಳಲ್ಲಿ ವ್ಯಾನುಗಳ ಓಡಾಟ, ಚಕ್ರಗಳಿಂದ ಉದುರಿದ ಮಣ್ಣು, ಕೊಠಡಿ ಸಿಗದ ಹಳ್ಳಿಗಳು. ಎಲೆ ಹೊಂಬಣ್ಣಕ್ಕೆ ತಿರುಗುವ ಅಕ್ಟೋಬರ್ ಮೊದಲ ಎರಡು ವಾರಗಳೇ ನನ್ನ ಆಯ್ಕೆ.

ಪ್ರಶ್ನೆ: ಸೈಕಲ್ ಇಲ್ಲಿಂದಲೇ ಒಯ್ಯಬೇಕೆ? ರಸ್ತೆ ನಿಯಮಗಳೇನು?
— ಓದುಗರೊಬ್ಬರು, ಸಾಗರ

ಉತ್ತರ: ನಾಲ್ಕು ದಿನಕ್ಕೆ ಬಾಡಿಗೆಯೇ ಲೇಸು, ಬೋನ್, ಕ್ಲೂನಿಗಳಲ್ಲಿ ಸೈಕಲ್ ಸಿಗುತ್ತವೆ. ಆದರೆ ಹತ್ತುವ ಮೊದಲು ಬ್ರೇಕ್ ಪರೀಕ್ಷಿಸಿ. ನಮ್ಮಲ್ಲಿ ಮುಂದಿನ ಚಕ್ರದ ಬ್ರೇಕ್ ಬಲಗೈಗೆ, ಅಲ್ಲಿ ಎಡಗೈಗೆ. ಕಾಂಕ್ರೀಟಿನ ಇಳಿಜಾರಿನಲ್ಲಿ ಗಾಬರಿಯಾಗಿ ಎಡಗೈ ಬಿಗಿದರೆ ಹ್ಯಾಂಡಲ್ ದಾಟಿ ಬೀಳುವ ಸಂಭವವುಂಟು. ಅಲ್ಲಿನ ಸಂಚಾರ ರಸ್ತೆಯ ಬಲಕ್ಕೆ. ಪೇಟೆಯಲ್ಲಿ ಎದುರು ವಾಹನಗಳು ಇದನ್ನು ನೆನಪಿಸುತ್ತಲೇ ಇರುತ್ತವೆ. ಅಪಾಯವಿರುವುದು ಖಾಲಿ ರಸ್ತೆಯಲ್ಲಿ. ಗೋಡೆಯ ಮೇಲೆ ಕೂತು ಬಿಸ್ಕತ್ತು ತಿಂದು ಎದ್ದವರು ಅಭ್ಯಾಸಬಲದಿಂದ ಎಡಕ್ಕೆ ಹೊರಟುಬಿಡುತ್ತಾರೆ. ಹಳ್ಳಿಯೊಳಗೆ ಬೇರೆ ಸೂಚನೆಯಿಲ್ಲದಿದ್ದರೆ ಬಲಗಡೆಯ ಗಲ್ಲಿಯಿಂದ ಬರುವವರಿಗೆ ಮೊದಲ ಹಕ್ಕು. ಊರ ಹೊರಗೆ ಕಾರುಗಳು ಸೈಕಲ್ಲನ್ನು ಹಿಂದಿಕ್ಕುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನಿದೆ. ಕಿವಿಗೆ ಇಯರ್‌ಫೋನ್ ನಿಷಿದ್ಧ. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯದ ಮಿತಿ ಸೈಕಲ್ಲಿನವರಿಗೂ ಅನ್ವಯಿಸುತ್ತದೆ. ರುಚಿ ನೋಡುವ ಆಸೆಯಿದ್ದವರು ಅದನ್ನು ಸಂಜೆಗೆ ಇಟ್ಟುಕೊಳ್ಳಲಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮದ್ಯ ಮುಟ್ಟದವರು. ಹಳ್ಳಿಗಳಲ್ಲಿ ಊಟ, ನೀರಿಗೆ ತೊಂದರೆಯಾಗುವುದೇ?
— ಓದುಗರೊಬ್ಬರು, ಭದ್ರಾವತಿ

ಉತ್ತರ: ನೀರಿಗೆ ಇಲ್ಲ. ಊರಂಚಿನ ಸ್ಮಶಾನಗಳಲ್ಲಿ ಹೂಕುಂಡಗಳಿಗೆಂದು ನಲ್ಲಿ ಇರುತ್ತದೆ. ಅಲ್ಲಿನ ಸೈಕಲ್ ಸವಾರರು ಸಂಕೋಚವಿಲ್ಲದೆ ಅಲ್ಲೇ ಬಾಟಲಿ ತುಂಬಿಕೊಳ್ಳುತ್ತಾರೆ. ‘ನೋನ್ ಪೊತಾಬ್ಲ್’ ಎಂಬ ಫಲಕವಿದ್ದರೆ ಮಾತ್ರ ಅದು ಕುಡಿಯುವ ನೀರಲ್ಲ. ಊಟಕ್ಕೆ ಸ್ವಲ್ಪ ಪೂರ್ವಸಿದ್ಧತೆ ಬೇಕು. ಬರ್ಗಂಡಿಯ ಹೋಟೆಲ್ಲುಗಳ ಹೆಮ್ಮೆಯ ಅಡುಗೆಗಳು ಬಹುತೇಕ ದನದ ಮಾಂಸ, ಬಸವನಹುಳು, ವೈನಿನಲ್ಲಿ ಬೇಯಿಸಿದ ಮೊಟ್ಟೆ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಎರಡು ಗಂಟೆ ಕಾಲ ಮುಚ್ಚಿರುತ್ತವೆ. ಭಾನುವಾರ ಮಧ್ಯಾಹ್ನದ ನಂತರವೂ ಸೋಮವಾರವೂ ಅನೇಕ ಕಡೆ ಬಾಗಿಲೇ ತೆರೆಯುವುದಿಲ್ಲ. ಆದ್ದರಿಂದ ಬೆಳಿಗ್ಗೆಯೇ ಬೇಕರಿಯಲ್ಲಿ ಬ್ರೆಡ್ಡು, ಪಕ್ಕದಲ್ಲಿ ಚೀಸ್, ಟೊಮೆಟೊ, ಹಣ್ಣು ಕೊಂಡು ಸೈಕಲ್ ಚೀಲಕ್ಕೆ ಹಾಕಿಕೊಳ್ಳಿ. ಕೆಲವು ತೋಟದ ಮನೆಗಳಲ್ಲಿ ಹುಳಿಯಿಸದ ದ್ರಾಕ್ಷಿರಸವನ್ನೂ ಮಾರುತ್ತಾರೆ, ಕೇಳಿ ನೋಡಿ. ರಾತ್ರಿ ತಂಗಲು ಅಡುಗೆಮನೆಯಿರುವ ‘ಜೀತ್’ ಎಂಬ ಬಾಡಿಗೆ ಮನೆಗಳನ್ನು ಆರಿಸಿಕೊಂಡರೆ ಅನ್ನ ಮಾಡಿಕೊಳ್ಳಲು ಅಡ್ಡಿಯಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಭದ್ರಾವತಿಯಿಂದಲೇ ಹೋಗಲಿ.